43 ಸೆಂಟಿಮೀಟರ್ ಜಂಬ

ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ, ನನ್ನ ಪಾರ್ಕಿಂಗ್ ಜಾಗದ ಮೇಲೆ, ಎರಡು ಕಂಬದ ಮಧ್ಯೆ ಒಂದು ದೋಣಿ ತೂಗಾಡ್ತಿದೆ. ಉದ್ದ 6.4 ಮೀಟರ್, ಅಂದ್ರೆ 21 ಅಡಿ. ಕೆಳಗಿರೋ ನನ್ನ ಕಾರು ನಾಲ್ಕು ಮೀಟರೂ ಇಲ್ಲ, ಹಾಗಾಗಿ ದೋಣಿಯ ಮೂತಿ ಈ ಕಡೆ ಡ್ರೈವ್‌ವೇಗೆ, ಬಾಲ ಆ ಕಡೆ ಹಿಂದಿನ ಸ್ಲಾಟ್‌ನವರ ಜಾಗಕ್ಕೆ ಚಾಚ್ಕೊಂಡಿದೆ. ಅಸೋಸಿಯೇಷನ್‌ನಿಂದ ಎರಡು ಸಲ ಲೆಟರ್ ಬಂತು. ನೆಲ ಮಾತ್ರ ನಿಮ್ಮದು, ಮೇಲಿನ ಗಾಳಿ ಕಾಮನ್ ಏರಿಯಾ ಅನ್ನೋ ಅರ್ಥದಲ್ಲಿ. ಮಕ್ಕಳು ಅದನ್ನ ಶಾರ್ಕ್ ಅಂತಾರೆ. ಹೋದ ಸಲ ಆಯುಧ ಪೂಜೆಗೆ ನಮ್ಮ ವಾಚ್‌ಮನ್ ಎಲ್ಲಾ ಗಾಡಿಗಳಿಗೂ ಕುಂಕುಮ ಇಡ್ತಾ ಬಂದವನು ಇದಕ್ಕೂ ಸ್ಟೂಲ್ ಹಾಕ್ಕೊಂಡು ಹತ್ತಿ ಮೂತಿಗೆ ವಿಭೂತಿ ಬಳಿದು ಸೇವಂತಿಗೆ ಹಾರ ಸುತ್ತಿದ್ದ, ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡ್ಕೊಂಡು, "ಸಾರ್, ಇದಕ್ಕೆ ಚಕ್ರ ಇಲ್ವಲ್ಲ, ನಿಂಬೆಹಣ್ಣು ಎಲ್ಲಿಡ್ಲಿ?" ಅಂತ ನಿಂತಿದ್ದ. ಉತ್ತರ ನನಗೂ ಗೊತ್ತಿರ್ಲಿಲ್ಲ. ಅವತ್ತೇ ಎರಡು ಮೂರು ನಿಂಬೆಹಣ್ಣು ಇಟ್ಟಿದ್ರೆ ಒಳ್ಳೇದಿತ್ತೇನೋ ಅಂತ ಈಗ ಅನ್ಸುತ್ತೆ.

ಇದರ ಹೆಸರು ಸರ್ಫ್‌ಸ್ಕೀ. ಕಯಾಕ್ ಅಂದ್ರೆ ಜನಕ್ಕೆ ಗೊತ್ತಾಗುತ್ತೆ, ಸರ್ಫ್‌ಸ್ಕೀ ಅಂದ್ರೆ ಸ್ಕೀಯಿಂಗಾ, ಮನಾಲಿಗೆ ಹೋಗ್ತೀರಾ ಅಂತಾರೆ. ಕಯಾಕ್‌ನಲ್ಲಿ ಸೊಂಟದವರೆಗೂ ಒಳಗೆ ತೂರ್ಕೊಂಡು ಕೂರ್ತೀವಿ, ಇದರಲ್ಲಿ ಮೇಲೆ ಕೂರೋದು. ಕೂರೋಕೆ ಒಂದು ಗುಳಿ, ಕಾಲಿಗೆ ಎರಡು ಪೆಡಲ್, ಪೆಡಲ್‌ನಿಂದ ಹೋಗೋ ದಾರ ಹಿಂದೆ ಹೊಟ್ಟೆ ಕೆಳಗಿರೋ ಸಣ್ಣ ಚುಕ್ಕಾಣಿಗೆ. ಬಿದ್ರೆ ಒಳಗೆ ಸಿಕ್ಕಾಕ್ಕೊಳಲ್ಲ, ಸೀದಾ ನೀರಿಗೆ, ಮತ್ತೆ ಹತ್ತಬಹುದು. ಸಮುದ್ರಕ್ಕೆ ಅಂತಾನೇ ಮಾಡಿರೋ ದೋಣಿ. 1912ರ ಸುಮಾರಿಗೆ ಆಸ್ಟ್ರೇಲಿಯಾದ ಪೋರ್ಟ್ ಮಕ್ವಾರಿ ಹತ್ತಿರ ಮ್ಯಾಕ್‌ಲಾರೆನ್ ಅನ್ನೋ ಅಣ್ಣತಮ್ಮ ತಮ್ಮ ಮನೆಯವರ ಸಿಂಪಿ ಸಾಕೋ ಜಾಗದಲ್ಲಿ ಓಡಾಡೋಕೆ ಇಂಥದ್ದೊಂದು ಮಾಡ್ಕೊಂಡ್ರಂತೆ. ಅಂದ್ರೆ ಮೊದಲಿಗೆ ಇದು ಕೆಲಸದ ಗಾಡಿ, ನಮ್ಮ ಕಡೆ ಗದ್ದೆಗೆ ಹೋಗೋಕೆ ಟಿವಿಎಸ್ ಇಟ್ಕೊತಾರಲ್ಲ ಹಾಗೆ. ಇಷ್ಟು ಸಪೂರ ಆಗಿದ್ದು ರೇಸ್ ಶುರುವಾದ್ಮೇಲೆ. ಅಗಲ ಕಮ್ಮಿ ಆದಷ್ಟೂ ನೀರಿನ ತಡೆ ಕಮ್ಮಿ, ವೇಗ ಜಾಸ್ತಿ. ಅಗಲ ಕಮ್ಮಿ ಆದಷ್ಟೂ ದೋಣಿ ಮಗುಚೋದೂ ಜಾಸ್ತಿ, ಆದ್ರೆ ಅದನ್ನ ಯೂಟ್ಯೂಬ್ ವಿಡಿಯೋದಲ್ಲಿ ನೋಡಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಆ ವಿಡಿಯೋದಲ್ಲಿರೋರು ಬೀಳಲ್ಲ.

ನಾನು ಶುರು ಮಾಡಿದ್ದು ಎಲ್ಲರ ಥರಾನೇ. ನಲವತ್ತು ದಾಟ್ತು, ಬೆನ್ನು ನೋವು ಶುರುವಾಯ್ತು, ಫಿಸಿಯೋ ಈಜು ಅಂದ್ರು, ಪೂಲ್‌ಗೆ ಸೇರಿದೆ, ಅಲ್ಲಿ ಯಾರೋ ವೀಕೆಂಡ್ ಕಯಾಕಿಂಗ್‌ಗೆ ಕರ್ಕೊಂಡು ಹೋದ್ರು, ಮುಗೀತು. ನಮ್ಮಪ್ಪನ ಊರು ಚಿತ್ರದುರ್ಗದ ಕಡೆ, ಬಯಲುಸೀಮೆ, ನಮ್ಮ ವಂಶದಲ್ಲಿ ನೀರು ಅಂದ್ರೆ ಬಾವಿ, ಬೋರ್‌ವೆಲ್, ಟ್ಯಾಂಕರ್. ಅಮ್ಮನಿಗೆ ಹೇಳಿದಾಗ ಅವಳು ಮೊದಲು ಮಾಡಿದ್ದು ಜಾತಕ ತೆಗೆದಿದ್ದು. "ನಿಂಗೆ ಜಲಗಂಡ ಇದೆ ಕಣೋ, ನಿಮ್ಮಜ್ಜ ಬರೆಸಿದ್ದು, ಕೆರೆ ಬಾವಿ ಹತ್ರ ಹೋಗ್ಬಾರದು ಅಂತ." ಅಮ್ಮಾ, ಇದು ಕೆರೆನೂ ಅಲ್ಲ ಬಾವಿನೂ ಅಲ್ಲ, ಸಮುದ್ರ ಅಂದೆ. ಅದಕ್ಕೆ ಅವಳು ಎರಡು ದಿನ ಮಾತಾಡ್ಲಿಲ್ಲ.

ವಿಡಿಯೋಗಳ ಬಗ್ಗೆ ಹೇಳ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಆಫೀಸ್ ಕಾಲ್ ಮುಗಿಸಿ ಹವಾಯಿಯ ಮೊಲೊಕಾಯಿ ರೇಸ್ ವಿಡಿಯೋ ನೋಡ್ತಾ ಕೂರ್ತಿದ್ದೆ. ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ, ಸುಮಾರು 52 ಕಿಲೋಮೀಟರ್ ತೆರೆದ ಸಮುದ್ರ. ದಕ್ಷಿಣ ಆಫ್ರಿಕಾದ ಆಸ್ಕರ್ ಚಾಲುಪ್‌ಸ್ಕಿ ಅದನ್ನ 12 ಸಲ ಗೆದ್ದಿದ್ದಾರೆ, ಮೊದಲನೇದು 1983ರಲ್ಲಿ, ಕೊನೇದು 2012ರಲ್ಲಿ. ಈ ಎರಡು ಇಸವಿ ಮಧ್ಯೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿದಾಗ ನನ್ನಂಥ ನಡುವಯಸ್ಸಿನವನಿಗೆ ಏನನ್ಸುತ್ತೆ ಹೇಳಿ, ಇನ್ನೂ ಟೈಮಿದೆ ಅನ್ಸುತ್ತೆ. ಆ ಮನುಷ್ಯ ಹುಟ್ಟಿದಾಗಿಂದ ಸಮುದ್ರದಲ್ಲಿದ್ದಾನೆ, ನಾನು ಕೋಣನಕುಂಟೆಯಲ್ಲಿದ್ದೀನಿ ಅನ್ನೋದು ತಲೆಗೆ ಬರಲ್ಲ.

ಚೆನ್ನೈನಲ್ಲಿ ಕೆಲಸ ಮುಗಿಸಿ ಊರಿಗೆ ವಾಪಸ್ ಹೊರಟಿದ್ದ ವಿದೇಶಿಯೊಬ್ಬರು ತಮ್ಮ ದೋಣಿ ಮಾರ್ತಿದಾರೆ ಅಂತ ಗೊತ್ತಾಯ್ತು. ಹೋದೆ. ನೋಡಿದ ತಕ್ಷಣ ಬಿದ್ದೆ, ಅಂದ್ರೆ ಪ್ರೀತಿಯಲ್ಲಿ, ನೀರಿಗೆ ಬೀಳೋದು ಆಮೇಲೆ. ಬಿಳಿ ಮೈ, ಕೆಂಪು ಮೂತಿ, ಎಲ್ಲಿ ಮುಟ್ಟಿದ್ರೂ ಒಂದು ಏರಿಳಿತ ಇಲ್ಲ. 43 ಸೆಂಟಿಮೀಟರ್, ರೇಸಲ್ಲಿ ಗೆಲ್ಲೋರು ಕೂರೋ ಅಗಲ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿ, ಸಮುದ್ರದಲ್ಲಿ ಪ್ಯಾಡಲ್ ಮಾಡಿದೀಯಾ, ಅಂದ್ರೆ ಹುಟ್ಟು ಹಾಕಿದೀಯಾ ಅಂತ ಕೇಳಿದ್ರು. ಸ್ವಲ್ಪ ಸ್ವಲ್ಪ ಅಂದೆ. ಅಷ್ಟರಲ್ಲಿ ನಾನು ಸಮುದ್ರದಲ್ಲಿ ಮಾಡಿದ್ದು ಅಂದ್ರೆ ಮುರ್ಡೇಶ್ವರದಲ್ಲಿ ಬನಾನಾ ಬೋಟ್. ಅವರು ಇನ್ನೊಂದು ಸಲ ಕೇಳಿದ್ರು, ಇದು ಸ್ವಲ್ಪ ಚಂಚಲ, ಪರವಾಗಿಲ್ವಾ ಅಂತ. ಪರವಾಗಿಲ್ಲ ಅಂದೆ. ದುಡ್ಡು ಕಳಿಸ್ದೆ. ಆಮೇಲೆ ಮಲ್ಪೆ ಸಮುದ್ರದಲ್ಲಿ ಒಂದು ರೇಸಿಗೆ ಇಳಿದೆ, ಅದರಲ್ಲಿ ನಾನು ಸೋತಿದ್ದು ಆ ದಿನ, ಆ ಗೇಟ್ ಹತ್ರ, ಯುಪಿಐ ಪಿನ್ ಒತ್ತಿದಾಗ. ಮಲ್ಪೆಯಲ್ಲಿ ಆಗಿದ್ದು ಬರೀ ಅದರ ಪ್ರಕಟಣೆ.

ಅಲ್ಲಿಂದ ಬೆಂಗಳೂರಿಗೆ ತಂದಿದ್ದೇ ಒಂದು ಕಥೆ. ಕಾರ್ ಮೇಲೆ ಕಟ್ಟಿ, ಬಾಲಕ್ಕೊಂದು ಕೆಂಪು ಬಟ್ಟೆ, ರಾತ್ರಿ ಹೊರಟೆ. ಹೊಸೂರು ರೋಡಲ್ಲಿ ಬೆಳಗ್ಗೆ ಆರಕ್ಕೆ ಪೊಲೀಸ್ ಒಬ್ರು ಕೈ ಅಡ್ಡ ಹಾಕಿದ್ರು. ಗಾಡಿ ಸುತ್ತ ಒಂದು ರೌಂಡ್ ಬಂದು, "ಏನ್ರೀ ಇದು, ಇಸ್ರೋದಾ?" ಅಂದ್ರು. ದೋಣಿ ಸಾರ್ ಅಂದೆ. "ಬೆಂಗಳೂರಲ್ಲಿ ದೋಣಿ ಯಾಕ್ರೀ... ಹಾಂ, ಮಳೆಗಾಲಕ್ಕಾ?" ಅಂತ ಅವರೇ ಉತ್ತರ ಕೊಟ್ಕೊಂಡು ನಗಾಡ್ತಾ ಬಿಟ್ಬಿಟ್ರು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲೆ, ಅತ್ತ ಮಂಗಳೂರಿಗೆ 350 ಕಿಲೋಮೀಟರ್. ಇಲ್ಲಿ ಕೂತು ಸಮುದ್ರಕ್ಕೆ ತಯಾರಾಗೋದು ಅಂದ್ರೆ ಕೆರೆ. ಕನಕಪುರ ರಸ್ತೆ ದಾಟಿ ಒಂದು ಕೆರೆ ಇದೆ, ಹೆಸರು ಹೇಳಲ್ಲ, ಹೇಳಿದ್ರೆ ಮುಂದಿನ ಭಾನುವಾರ ಅಲ್ಲಿ ನೂರು ಜನ ಬಂದು ರೀಲ್ಸ್ ಮಾಡ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಐದಕ್ಕೆ ಹೊರಟ್ರೆ ಆರಕ್ಕೆ ನೀರಲ್ಲಿ. ಎಂಟೂವರೆಗೆ ವಾಪಸ್, ಒಂಬತ್ತೂವರೆಗೆ ಸ್ಟ್ಯಾಂಡಪ್ ಕಾಲ್, ಕ್ಯಾಮೆರಾ ಆಫ್, ಯಾಕಂದ್ರೆ ಕಿವಿಯಲ್ಲಿ ಇನ್ನೂ ಪಾಚಿ. ಅಂತರಗಂಗೆ ತುಂಬಿದ ಕಡೆ ಚುಕ್ಕಾಣಿಗೆ ಬೇರು ಸುತ್ಕೊಂಡು ದೋಣಿ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತೆ, ಯಾರೋ ಹಿಂದಿಂದ ಹಿಡ್ಕೊಂಡ ಹಾಗೆ. ಮೊದಲ ಹದಿನೈದು ದಿನ ನಾನು ದೋಣಿ ಮೇಲೆ ಇದ್ದದ್ದಕ್ಕಿಂತ ನೀರೊಳಗೆ ಇದ್ದದ್ದೇ ಜಾಸ್ತಿ. ಎಮ್ಮೆ ಮೈ ತೊಳೆಯೋಕೆ ಬರ್ತಿದ್ದ ಅಜ್ಜ ಒಬ್ರು ದಡದಲ್ಲಿ ಬೀಡಿ ಹಚ್ಚಿ ಕೂತು ನೋಡೋರು. ಒಂದಿನ, "ಸ್ವಾಮಿ, ಅದನ್ನ ಬುಟ್ಟು ಈಜ್ಕಂಡೇ ಓಗ್ಬೋದಲ್ವ?" ಅಂದ್ರು. ಎರಡು ತಿಂಗಳಾಯ್ತು, ಕೂತೆ. ಮೂರನೇ ತಿಂಗಳು ಬೀಳದೆ ಹತ್ತು ಕಿಲೋಮೀಟರ್. ವಾಚಲ್ಲಿ ಗಂಟೆಗೆ 9.6 ತೋರಿಸ್ತು. ಆಗ ನನಗೆ ಹತ್ತಿದ ಜಂಬ ಇದೆಯಲ್ಲ, ಅದರ ಅಗಲ 43 ಸೆಂಟಿಮೀಟರ್‌ಗಿಂತ ಬಹಳ ಜಾಸ್ತಿ.

ನಮ್ಮ ಕೆರೆ ಗುಂಪಲ್ಲಿ ಒಬ್ರು ಮೇಡಂ ಇದಾರೆ. ಬ್ಯಾಂಕ್ ಕೆಲಸದಿಂದ ವಿಆರ್‌ಎಸ್ ತಗೊಂಡವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಹುಟ್ಟಿದ್ದು ಕುಂದಾಪುರ ಕಡೆ, ಬೆಂಗಳೂರಿಗೆ ಬಂದು ಮೂವತ್ತು ವರ್ಷ. ಅವರದ್ದೂ ಸರ್ಫ್‌ಸ್ಕೀನೇ, ಆದ್ರೆ 54 ಸೆಂಟಿಮೀಟರ್ ಅಗಲ, ಒಂದು ಮೀಟರ್ ಗಿಡ್ಡ. ನಾನು ಅದಕ್ಕೆ ಬಿಎಂಟಿಸಿ ಅಂತ ಹೆಸರಿಟ್ಟಿದ್ದೆ. ಕೆರೆಯಲ್ಲಿ ನಾನು ಅವರನ್ನ ಆರಾಮಾಗಿ ಓವರ್‌ಟೇಕ್ ಮಾಡ್ತಿದ್ದೆ, ಮಾಡುವಾಗ ಸ್ಟಾಪ್ ಕೊಡಿ ಮೇಡಂ ಅಂತ ತಮಾಷೆ ಬೇರೆ. ಅವರು ನಗ್ತಿದ್ರು ಅಷ್ಟೇ. ಒಂದು ಸಲ ಮಾತ್ರ, ದಡದಲ್ಲಿ ಫ್ಲಾಸ್ಕ್ ಕಾಫಿ ಕುಡೀತಾ, "ನೀರು ಅಲ್ಲಾಡ್ಲಿಕ್ಕೆ ಶುರುವಾದ್ಮೇಲೆ ನೋಡುವ" ಅಂದ್ರು. ಈ ಆಟದವರ ಬಾಯಲ್ಲಿ ಒಂದು ಮಾತಿದೆ, ಮೊದಲು ಕೂರೋದು, ಆಮೇಲೆ ಓಡೋದು ಅನ್ನೋ ಥರದ್ದು. ಎಲ್ಲಾ ಕಡೆ ಓದಿದ್ದೆ. ಹೊಸಬರಿಗೆ ಹೇಳೋ ಮಾತು ಅಂದ್ಕೊಂಡಿದ್ದೆ, ನಾನು ಮೂರು ತಿಂಗಳ ಹಳಬ.

ರೇಸ್ ಅಂದ್ರೆ ದೊಡ್ಡದೇನಲ್ಲ. ಕರಾವಳಿಯ ಕೆಲವು ಗೆಳೆಯರು ಸೇರಿ ಮಾಡೋದು, ಸ್ಪಾನ್ಸರ್ ಇಲ್ಲ, ಬ್ಯಾನರ್ ಒಂದೇ. ಮಲ್ಪೆ ಬೀಚಿಂದ ಕಾಪು ದೀಪಸ್ತಂಭದವರೆಗೆ, ತೀರದ ಪಕ್ಕದಲ್ಲೇ ದಕ್ಷಿಣಕ್ಕೆ, ಸುಮಾರು 14 ಕಿಲೋಮೀಟರ್. ಫೆಬ್ರವರಿ, ಮಧ್ಯಾಹ್ನ ಮೂರಕ್ಕೆ ಸ್ಟಾರ್ಟ್. ಮಧ್ಯಾಹ್ನ ಯಾಕಂದ್ರೆ ಗಾಳಿ ಬೇಕು. ಬೆಳಗ್ಗೆ ಸಮುದ್ರ ಎಣ್ಣೆ ಹಾಕಿದ ಹಾಗಿರುತ್ತೆ, ಬಿಸಿಲೇರಿ ನೆಲ ಕಾದ್ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತೆ, ಈ ತಿಂಗಳುಗಳಲ್ಲಿ ವಾಯವ್ಯದಿಂದ. ಬೆನ್ನಿಗೆ ಗಾಳಿ, ಬೆನ್ನಿಗೆ ಅಲೆ, ಅದರ ಮೇಲೆ ಜಾರ್ಕೊಂಡು ಹೋಗೋದೇ ಡೌನ್‌ವಿಂಡ್, ಸರ್ಫ್‌ಸ್ಕೀಯ ಅಸಲಿ ಆಟ ಅದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇಂಥ ಮಧ್ಯಾಹ್ನದ ಗಾಳಿಗೆ ಫ್ರೀಮ್ಯಾಂಟಲ್ ಡಾಕ್ಟರ್ ಅಂತಾನೇ ಹೆಸರು, ಸೆಕೆಯಿಂದ ಬದುಕಿಸುತ್ತಲ್ಲ, ಅದಕ್ಕೆ. ಅಲ್ಲಿ ಡಾಕ್ಟರ್ ಅನ್ನೋ ಹೆಸರಿನ ರೇಸೂ ಇದೆ. ನಮ್ಮ ಮಲ್ಪೆ ಗಾಳಿಗೆ ಡಿಗ್ರಿ ಇಲ್ಲ, ಆದ್ರೆ ಪ್ರಾಕ್ಟೀಸ್ ಚೆನ್ನಾಗಿದೆ.

ಎಂಜಿನಿಯರ್ ಅಲ್ವಾ, ಹೋಗೋ ಮುಂಚೆ ಎಕ್ಸೆಲ್ ಶೀಟ್ ಮಾಡಿದ್ದೆ. ಆಳದ ನೀರಲ್ಲಿ ಅಲೆಯ ವೇಗ ಅದರ ಅವಧಿ ಮೇಲೆ ನಿಂತಿರುತ್ತೆ, ಎರಡು ಅಲೆ ಮಧ್ಯೆ ನಾಲ್ಕು ಸೆಕೆಂಡ್ ಇದ್ರೆ ಅಲೆ ಗಂಟೆಗೆ 22 ಕಿಲೋಮೀಟರ್ ಹತ್ರ ಓಡುತ್ತೆ. ನಾನು 9.6. ಅಂದ್ರೆ ಪ್ರತಿ ಅಲೆನೂ ನನ್ನನ್ನ ದಾಟಿ ಹೋಗುತ್ತೆ, ದಾಟೋ ಮುಂಚೆ ಬಾಲ ಎತ್ತಿದ ಕ್ಷಣಕ್ಕೆ ನಾಲ್ಕೈದು ಜೋರು ಸ್ಟ್ರೋಕ್ ಹಾಕಿ ಅದರ ಇಳಿಜಾರಿಗೆ ಬಿದ್ಕೋಬೇಕು. ಶೀಟಲ್ಲಿ ಎಲ್ಲಾ ಸರಿಯಿತ್ತು. ಒಂದು ಗಂಟೆ ಹದಿನೈದು ನಿಮಿಷ ಅಂತ ಕೊನೇ ಸೆಲ್ಲಲ್ಲಿ ಹಸಿರು ಬಣ್ಣದಲ್ಲಿ ಬಂದಿತ್ತು.

ಶುಕ್ರವಾರ ರಜೆ ಹಾಕಿ ಶಿರಾಡಿ ಘಾಟಿ ಇಳಿದು ಉಡುಪಿ ಸೇರಿದ್ವಿ. ಹೆಂಡ್ತಿ ಪೂರ್ತಿ ದಾರಿ ಹಿಂದಿನ ಗ್ಲಾಸಲ್ಲಿ ದೋಣಿ ಬಾಲ ನೋಡ್ತಾ, "ರೀ ಬಟ್ಟೆ ಹಾರೋಯ್ತು, ರೀ ಹಗ್ಗ ಸಡಿಲ ಆಯ್ತು" ಅಂತಿದ್ಳು. ಶನಿವಾರ ಮಧ್ಯಾಹ್ನ ಬೀಚಲ್ಲಿ ಒಟ್ಟು ಹತ್ತೊಂಬತ್ತು ದೋಣಿ, ಅದರಲ್ಲಿ ಸರ್ಫ್‌ಸ್ಕೀ ಏಳು, ಉಳಿದಿದ್ದು ಕಯಾಕು, ನಿಂತ್ಕೊಂಡು ಹುಟ್ಟು ಹಾಕೋ ಬೋರ್ಡು. ಲೈಫ್ ಜಾಕೆಟ್, ವಿಸಿಲ್, ಕಾಲಿಗೆ ಲೀಶ್ ಇದೆಯಾ ಅಂತ ಒಬ್ಬೊಬ್ಬರದ್ದೂ ಎಳೆದು ನೋಡಿದ್ರು. ಲೀಶ್ ಅಂದ್ರೆ ನಮ್ಮನ್ನ ದೋಣಿಗೆ ಕಟ್ಟೋ ದಾರ. ಅದಿಲ್ದೆ ಗಾಳಿಯಲ್ಲಿ ಬಿದ್ರೆ ಖಾಲಿ ದೋಣಿ ನಾವು ಈಜೋದಕ್ಕಿಂತ ಫಾಸ್ಟಾಗಿ ಹೊರಟೋಗುತ್ತೆ. ಸೇಫ್ಟಿಗೆ ಎರಡು ನಾಡದೋಣಿ. ಅದರಲ್ಲೊಂದನ್ನ ನಡೆಸೋ ಹಿರಿಯರು, ಎಪ್ಪತ್ತರ ಹತ್ರ ಇರಬಹುದು, ಜೀವಮಾನ ಇದೇ ನೀರಲ್ಲಿ ಬಲೆ ಬಿಟ್ಟವರು, ನನ್ನ ದೋಣಿಗೆ ಗೇಣು ಹಾಕಿ ಅಳೆದ್ರು. ಎರಡು ಗೇಣು. ಆಮೇಲೆ ನನ್ನ ಸೊಂಟ ನೋಡಿದ್ರು.

"ಇದು ದೋಣಿ ನೀವು ಬಿಡುದಾ ಮಾರಾಯ್ರೆ, ಅಲ್ಲ ದೋಣಿ ನಿಮ್ಮನ್ನು ಬಿಡುದಾ?"

ಎಲ್ಲರೂ ನಕ್ರು. ನಾನೂ ನಕ್ಕೆ. ಮೂರು ಗಂಟೆ ಹತ್ತು ನಿಮಿಷಕ್ಕೆ ಶಂಖ ಊದಿದ್ರು, ಹೌದು, ನಿಜವಾದ ಶಂಖ.

ಮೊದಲ ಐದು ನಿಮಿಷ ನಾನು ಮೂರನೇ ಸ್ಥಾನದಲ್ಲಿದ್ದೆ. ಇದನ್ನ ಬರೀದೆ ಇರೋಕಾಗಲ್ಲ, ದಯವಿಟ್ಟು ಓದ್ಕೊಳಿ. ಬೀಚಿನ ದಕ್ಷಿಣ ತುದಿಗೆ ಬಂದರಿನ ಬಾಯಿ ಇದೆ, ಉದ್ಯಾವರ ಹೊಳೆ ಅಲ್ಲೇ ಸಮುದ್ರಕ್ಕೆ ಸೇರೋದು, ಕಲ್ಲಿನ ತಡೆಗೋಡೆ, ಅದರ ಮೇಲೆ ಸೀ ವಾಕ್, ಅಲ್ಲಿ ನನ್ನ ಹೆಂಡ್ತಿ ಫೋನ್ ಹಿಡ್ಕೊಂಡು ನಿಂತಿದ್ಳು. ವಿಡಿಯೋ ಇದೆ. ವಿಡಿಯೋದಲ್ಲಿ ನಾನು ಬಲಗಡೆಯಿಂದ ಬರ್ತೀನಿ, ನೀಟಾಗಿ, ಪೇಪರಲ್ಲಿ ಗೆರೆ ಎಳೆದ ಹಾಗೆ, ಅವಳು "ಬಂದ್ರು ಬಂದ್ರು" ಅಂತಾಳೆ, ಆಮೇಲೆ ಫ್ರೇಮಲ್ಲಿ ದೋಣಿ ಇದೆ, ನಾನಿಲ್ಲ.

ಅಲ್ಲಿ ಆಗಿದ್ದೇನು ಅಂದ್ರೆ, ಅಲೆ ಒಂದೇ ಕಡೆಯಿಂದ ಬರಲ್ಲ. ವಾಯವ್ಯದಿಂದ ಬಂದ ಅಲೆ ತಡೆಗೋಡೆಗೆ ಹೊಡೆದು ವಾಪಸ್ ಬರುತ್ತೆ, ಹೊಳೆಯಲ್ಲಿ ಇಳಿತದ ನೀರು ಹೊರಗೆ ನುಗ್ತಿರುತ್ತೆ, ಎದುರು ಸೆಳೆತ ಸಿಕ್ಕಿದ ಅಲೆ ಗಿಡ್ಡಗಾಗಿ ಕಡಿದಾಗಿ ಎದ್ದು ನಿಲ್ಲುತ್ತೆ, ಮೂರೂ ಸೇರಿ ಅಲ್ಲಿನ ನೀರು ಸಿಲ್ಕ್ ಬೋರ್ಡ್ ಜಂಕ್ಷನ್. ಕೆರೆಯಲ್ಲಿ ನನ್ನ ಸೊಂಟಕ್ಕೆ ಗೊತ್ತಿದ್ದದ್ದು ಎಡ ಮತ್ತು ಬಲ. ಇಲ್ಲಿ ದೋಣಿ ಎಡಕ್ಕೆ ವಾಲುತ್ತೆ ಅಂತ ನಾನು ಬಲಕ್ಕೆ ತೂಕ ಕೊಟ್ರೆ ಅಷ್ಟೊತ್ತಿಗೆ ಕೆಳಗಿನ ನೀರು ಬಲಕ್ಕೆ ಹೋಗಿ ಆಗಿದೆ. 54 ಸೆಂಟಿಮೀಟರ್ ದೋಣಿಗೆ ಅದು ಉಯ್ಯಾಲೆ. 43ಕ್ಕೆ ಅದು ತೀರ್ಪು.

ಮತ್ತೆ ಹತ್ತಿದೆ. ಹತ್ತೋದು ಗೊತ್ತಿತ್ತು, ಕೆರೆಯಲ್ಲಿ ನೂರಾರು ಸಲ ಮಾಡಿದ್ದೆ, ದೋಣಿಗೆ ಅಡ್ಡಲಾಗಿ ಹೊಟ್ಟೆ ಹಾಕಿ, ಕಾಲು ಬಡಿದು, ತಿರುಗಿ ಗುಳಿಗೆ ಕುಂಡೆ ಇಳಿಸಿ, ಕಾಲು ಎರಡೂ ಹೊರಗೆ ನೀರಲ್ಲಿ ಬಿಟ್ಕೊಂಡು ಬ್ಯಾಲೆನ್ಸ್. ಹತ್ತಿ ಎರಡು ಸ್ಟ್ರೋಕ್, ಮತ್ತೆ ಬಿದ್ದೆ. ಮತ್ತೆ ಹತ್ತಿದೆ. ಈಗ ಗುಳಿ ತುಂಬಾ ನೀರು. ಈ ನೀರು ಹೊರಗೆ ಹೋಗೋಕೆ ಕಾಲ ಹತ್ರ ಬೇಲರ್ ಅಂತ ಒಂದು ಸಣ್ಣ ಕಿಂಡಿ ಇದೆ, ಅದರ ಮೂತಿ ದೋಣಿ ಹೊಟ್ಟೆ ಕೆಳಗೆ, ದೋಣಿ ಓಡ್ತಿದ್ರೆ ಕೆಳಗಿನ ನೀರಿನ ಸೆಳೆತಕ್ಕೆ ಒಳಗಿನ ನೀರು ತಾನಾಗೇ ಹೀರ್ಕೊಂಡು ಹೋಗುತ್ತೆ. ಓಡ್ತಿದ್ರೆ. ನಿಂತಿದ್ರೆ ಅದೇ ಕಿಂಡಿಯಿಂದ ನೀರು ಒಳಗೆ ಬರುತ್ತೆ. ಗುಳಿಯಲ್ಲಿ ನೀರಿದ್ರೆ ಅದು ಅತ್ತಿತ್ತ ತುಳುಕಿ ದೋಣಿ ಇನ್ನೂ ಚಂಚಲ, ಚಂಚಲ ಅಂತ ನಾನು ಕಾಲು ಹೊರಗೆ ಬಿಟ್ಟು ನಿಧಾನ, ನಿಧಾನ ಅಂತ ನೀರು ಹೋಗಲ್ಲ, ಹೋಗಲ್ಲ ಅಂತ ಬೀಳ್ತೀನಿ, ಬಿದ್ರೆ ಇನ್ನಷ್ಟು ನೀರು. ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಡ್ಯೂ ಕಟ್ತಾ ಬದುಕೋರಿಗೆ ಈ ಬೇಲರ್ ತತ್ವ ಬೇಗ ಅರ್ಥ ಆಗುತ್ತೆ.

ಹೊಸದಾಗಿ ಸ್ಕೂಟಿ ಕಲಿಯೋರು ಎರಡೂ ಕಾಲು ರೋಡಿಗೆ ಉಜ್ಜುತ್ತಾ ಹೋಗ್ತಾರಲ್ಲ, ಪಡುಕೆರೆ ತೀರದ ಉದ್ದಕ್ಕೂ ನಾನು ಹಾಗೆ ಹೋದೆ. ಕಯಾಕ್‌ಗಳು ದಾಟಿದ್ವು. ನಿಂತ್ಕೊಂಡು ಹುಟ್ಟು ಹಾಕೋ ಹುಡುಗ ಒಬ್ಬ ದಾಟಿದ, ದಾಟುವಾಗ "ಅಣ್ಣಾ ಓಕೇನಾ?" ಅಂದ. ಏಳನೇ ಸಲ ಬಿದ್ದು ನೀರಲ್ಲಿ ದೋಣಿ ಹಿಡ್ಕೊಂಡು ಸುಮ್ಮನೆ ತೇಲ್ತಿದ್ದೆ, ಉಪ್ಪು ಗಂಟಲಿಗೆ ಇಳಿದಿತ್ತು, ಕೈ ನಡುಗ್ತಿತ್ತು, ಚಳಿಗಲ್ಲ, ನೀರು ಬೆಚ್ಚಗೇ ಇತ್ತು. ಅಮ್ಮನ ಜಾತಕ ನೆನಪಾಯ್ತು. ನಿಜ ಹೇಳ್ಬೇಕಂದ್ರೆ ಭಯ ಆಗಿದ್ದು ಮುಳುಗ್ತೀನಿ ಅಂತಲ್ಲ, ಜಾಕೆಟ್ ಇದೆ, ಲೀಶ್ ಇದೆ, ತೆಂಗಿನ ತೋಟ ಕಾಣ್ತಿದೆ. ಭಯ ಆಗಿದ್ದು ಇನ್ನೊಂದು ಸಲ ಹತ್ತೋಕೆ ಮನಸ್ಸಿಲ್ಲದೆ ಇದ್ದದ್ದಕ್ಕೆ. ನೀರಲ್ಲಿ ತೇಲೋದು ಎಷ್ಟು ಸುಖವಾಗಿತ್ತು ಅಂದ್ರೆ, ಮಲಗಿದ ಹಾಗೆ. ಅಲ್ಲಿ ಎಷ್ಟು ಹೊತ್ತು ಇದ್ದೆ ಅಂತ ಆಮೇಲೆ ವಾಚ್ ನೋಡಿದೆ. ನಾಲ್ಕು ನಿಮಿಷ. ನಾಡದೋಣಿ ಹತ್ರ ಬಂತು, ಹಿರಿಯರು ಎಂಜಿನ್ ಸಣ್ಣ ಮಾಡಿ ಬಗ್ಗಿ ನೋಡಿದ್ರು. ತಮಾಷೆ ಇಲ್ಲ ಈ ಸಲ. "ಹತ್ತುದಾದ್ರೆ ಹತ್ತಿ, ಇಲ್ಲದಿದ್ರೆ ಇದಕ್ಕೆ ಬನ್ನಿ. ಎರಡೂ ಅಡ್ಡಿಲ್ಲ." ಅಡ್ಡಿಲ್ಲ ಅಂದಿದ್ದಕ್ಕೆ ಹತ್ತಿದೆ. ಹತ್ತಿ ಅಂತ ಹುರಿದುಂಬಿಸಿದ್ರೆ ನಾಡದೋಣಿಗೇ ಹೋಗ್ತಿದ್ದೆ ಅನ್ಸುತ್ತೆ.

ಅದೇ ಹೊತ್ತಿಗೆ ಬಲಗಡೆ, ಸ್ವಲ್ಪ ಹೊರಗಡೆ, ಬಿಎಂಟಿಸಿ ಹೋಯ್ತು. ಮೇಡಂ ಪ್ಯಾಡಲ್ ಮಾಡ್ತಾನೇ ಇರ್ಲಿಲ್ಲ. ಪ್ಯಾಡಲ್ ತೊಡೆ ಮೇಲೆ ಅಡ್ಡ ಇಟ್ಕೊಂಡು ಕೂತಿದ್ರು, ದೋಣಿ ಜಾರ್ತಿತ್ತು. ನಿಂತ ಹಾಗಾಯ್ತು, ಮೂರು ಸ್ಟ್ರೋಕ್ ಹಾಕಿದ್ರು, ಮತ್ತೆ ಜಾರ್ತು. ಅಲೆ ಏರೋ ಕಡೆ ಒಂದು ಸಲಾನೂ ಹುಟ್ಟು ಹಾಕ್ಲಿಲ್ಲ. ನನ್ನನ್ನ ನೋಡಿ ಕೂಗಿದ್ರು, ಗಾಳಿಗೆ ಪೂರ್ತಿ ಕೇಳಿಸ್ಲಿಲ್ಲ, ಕೇಳಿಸಿದ್ದು ಇಷ್ಟು. "ಅಲೆ ನೋಡ್ಬೇಡಿ, ಗುಂಡಿ ನೋಡಿ! ಗುಂಡಿಗೆ ಮೂತಿ ಇಡಿ!"

ಇಪ್ಪತ್ತು ವರ್ಷ ಬೆಂಗಳೂರಲ್ಲಿ ಗುಂಡಿ ತಪ್ಪಿಸಿ ಗಾಡಿ ಓಡಿಸಿದವನು ನಾನು. ಇಲ್ಲಿ ಗುಂಡಿ ಹುಡುಕ್ಕೊಂಡು ಹೋಗ್ಬೇಕಂತೆ. ಆದ್ರೆ ಮಟ್ಟು ಊರಿನ ಹತ್ರ, ಅದೇ ಮಟ್ಟುಗುಳ್ಳ ಬದನೆಕಾಯಿ ಬೆಳೆಯೋ ಮಟ್ಟು, ನೀರು ಸ್ವಲ್ಪ ಸಾಲಾಗಿ ಬರೋಕೆ ಶುರುವಾಯ್ತು, ತಡೆಗೋಡೆ ದೂರ ಆಗಿತ್ತಲ್ಲ. ಹಿಂದೆ ತಿರುಗಿ ನೋಡೋದು ಬಿಟ್ಟೆ. ಬಾಲ ಎದ್ದಿದ್ದು ಕುಂಡೆಗೆ ಗೊತ್ತಾಯ್ತು, ಮುಂದೆ ಎಡಗಡೆ ನೀರು ತಗ್ಗಾಗಿದ್ದ ಕಡೆ ಎಡ ಪೆಡಲ್ ಒತ್ತಿದೆ, ಒಂದು ಎರಡು ಮೂರು ನಾಲ್ಕು ಸ್ಟ್ರೋಕ್, ಮತ್ತೆ ಸದ್ದು ಬದಲಾಯ್ತು. ಇದನ್ನ ಹೇಗೆ ಹೇಳೋದು. ಅಲ್ಲೀವರೆಗೂ ಇದ್ದ ಪಚಪಚ ನಿಂತು, ದೋಣಿ ಕೆಳಗಿಂದ ಸರ್ ಅಂತ, ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದಾಗ ಬರುತ್ತಲ್ಲ ಅಂಥ ಸದ್ದು, ಅದು ನಿಲ್ಲದೆ. ಬೇಲರ್ ಗೊಟಗೊಟ ಅಂತ ಗುಳಿ ನೀರನ್ನೆಲ್ಲ ಕುಡಿದು ಕೊನೆಗೆ ಪಾಯಸದ ಲೋಟ ಹೀರಿದ ಹಾಗೆ ಸೊರ್ ಅಂತು. ವೇಗ ಇದ್ದಾಗ ದೋಣಿ ಅಲ್ಲಾಡೋದೇ ಇಲ್ಲ, ಸೈಕಲ್ ಹಾಗೆ. ಮೂತಿಯ ಕೆಂಪು ಮುಂದಿನ ಅಲೆಯ ಬೆನ್ನಿಗೆ ತಾಗ್ತೋ ತಾಗ್ಲಿಲ್ವೋ ಅನ್ನೋ ಹಾಗೆ. ಹನ್ನೆರಡು ಸೆಕೆಂಡ್ ಇರಬಹುದು. ವಾಚ್ ಹೇಳೋ ಪ್ರಕಾರ ಗಂಟೆಗೆ 17.8. ಆಮೇಲೆ ಅಲೆ ಕೆಳಗಿಂದ ಕರಗೋಯ್ತು. ಅದೂ ಲೆಕ್ಕದ್ದೇ, ಆಳದ ನೀರಲ್ಲಿ ಅಲೆಗಳ ಗುಂಪು ಒಂಟಿ ಅಲೆಯ ಅರ್ಧ ವೇಗಕ್ಕೆ ಮಾತ್ರ ಹೋಗೋದು, ಹಾಗಾಗಿ ಯಾವ ಅಲೆನೂ ಗುಂಪಿನ ಮುಂದೆ ಬಂದು ಸಾಯ್ಲೇಬೇಕು, ನಾವು ಅಷ್ಟರಲ್ಲಿ ಇನ್ನೊಂದಕ್ಕೆ ಹಾರ್ಕೋಬೇಕು. ನಾನು ಹಾರೋ ಬದಲು ಖುಷಿಯಲ್ಲಿ ಕೈ ಎತ್ತಿ ಕೂಗಿದೆ. ಎಂಟನೇ ಸಲ ಬಿದ್ದೆ.

ಕಾಪು ದೀಪಸ್ತಂಭ 1901ರದ್ದು, ಬಂಡೆ ಮೇಲೆ ನಿಂತಿದೆ, ಬಹಳ ದೂರದಿಂದಲೇ ಕಾಣುತ್ತೆ. ಬಹಳ ದೂರದಿಂದ ಕಾಣೋದರ ತೊಂದರೆ ಏನಂದ್ರೆ ಬಹಳ ಹೊತ್ತು ಅಷ್ಟೇ ದೊಡ್ಡದಾಗಿ ಕಾಣುತ್ತೆ. ಕೊನೇ ಮೂರು ಕಿಲೋಮೀಟರ್ ಬಗ್ಗೆ ಬರೆಯೋಕೇನಿಲ್ಲ, ಬಿಸಿಲು ಕಣ್ಣಿಗೆ, ಬಾಯಿ ಒಣಗಿತ್ತು. ದಡಕ್ಕೆ ಇಳಿಯುವಾಗ ಒಡೆಯೋ ಅಲೆಯಲ್ಲಿ ದೋಣಿ ಅಡ್ಡ ತಿರುಗಿ ನನ್ನನ್ನ ಉರುಳಿಸ್ತು, ಹನ್ನೊಂದನೇದು, ಮರಳು ಕಿವಿ ಮೂಗು ಎಲ್ಲಾ ಕಡೆ. ಸೊಂಟದ ಮಟ್ಟದ ನೀರಲ್ಲಿ ದೋಣಿ ಎಳ್ಕೊಂಡು ನಡ್ಕೊಂಡೇ ಫಿನಿಶ್ ದಾಟಿದೆ. ಎರಡು ಗಂಟೆ ಎಂಟು ನಿಮಿಷ. ಹತ್ತೊಂಬತ್ತರಲ್ಲಿ ಹದಿನೆಂಟು. ಹತ್ತೊಂಬತ್ತನೆಯವರು ಚುಕ್ಕಾಣಿ ದಾರ ಕಿತ್ತೋಗಿ ಪಡುಕೆರೆಯಲ್ಲೇ ಇಳಿದಿದ್ರು.

ಮೇಡಂ ಆಗಲೇ ಬಟ್ಟೆ ಬದಲಾಯಿಸಿ, ತಲೆ ಒರೆಸ್ಕೊಂಡು, ಮರಳಲ್ಲಿ ಕೂತು ಚರುಮುರಿ ತಿಂತಿದ್ರು. ಅವರದ್ದು ಒಂದು ಗಂಟೆ ಮೂವತ್ತೊಂದು ನಿಮಿಷ. ಎಷ್ಟು ಸಲ ಬಿದ್ರಿ ಅಂತ ಕೇಳಿದೆ. "ಇಲ್ಲ" ಅಂದ್ರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸ್ತೋ ಏನೋ, "ಒಂದ್ಸಲ ಬೀಳ್ಲಿಕ್ಕಿತ್ತು" ಅಂತ ಸೇರಿಸಿದ್ರು. ಚರುಮುರಿ ಪೊಟ್ಟಣ ನನ್ನ ಕಡೆ ಹಿಡಿದ್ರು. ನಾಡದೋಣಿ ಹಿರಿಯರು ನನ್ನ ದೋಣಿಯ ಇನ್ನೊಂದು ತುದಿ ಹಿಡ್ಕೊಂಡು ಕಾರಿನ ತನಕ ಬಂದ್ರು, ಪೂರ್ತಿ ದಾರಿ ಮಾತಾಡ್ಲಿಲ್ಲ, ಹಗ್ಗ ಕಟ್ಟುವಾಗ ನಾನು ಹಾಕಿದ ಗಂಟು ಬಿಚ್ಚಿ ಅವರದ್ದೇ ಗಂಟು ಹಾಕಿದ್ರು. ಬೆಂಗಳೂರಿಗೆ ಬಂದು ಅದನ್ನ ಬಿಚ್ಚೋಕೆ ನನಗೆ ಅರ್ಧ ಗಂಟೆ ಹಿಡೀತು.

ಈಗ ನಾನು ಮೇಡಂ ಹತ್ರ ವಾರಕ್ಕೊಂದು ದಿನ ಬಿಎಂಟಿಸಿ ಬಾಡಿಗೆ ಥರ ಇಸ್ಕೊಂಡು ಓಡಿಸ್ತಿದ್ದೀನಿ. ಕೆರೆಯಲ್ಲಿ ವಾಚ್ 8.7 ತೋರಿಸುತ್ತೆ. ಬೀಡಿ ಅಜ್ಜನಿಗೆ ಈಗ ನನ್ನ ನೋಡೋಕೆ ಮಜಾ ಬರಲ್ಲ, ಎದ್ದು ಹೋಗ್ತಾರೆ. 54ರದ್ದೇ ಒಂದು ನೋಡ್ತಿದ್ದೀನಿ, ಅದಕ್ಕೆ ದುಡ್ಡು ಬೇಕು, ಹಾಗಾಗಿ ಹೋದ ತಿಂಗಳು 43ನ್ನ ಮಾರಾಟಕ್ಕೆ ಹಾಕಿದೆ. ಅಸೋಸಿಯೇಷನ್‌ಗೂ ಹೇಳಿದೆ, ಖುಷಿ ಪಟ್ರು. ಅದಕ್ಕಿಂತ ಅಗಲದ್ದು ಬರ್ತಿದೆ ಅನ್ನೋದು ಮಾತ್ರ ಹೇಳಿಲ್ಲ.

ಮೊನ್ನೆ ಒಂದು ಫೋನ್ ಬಂತು. ವೈಟ್‌ಫೀಲ್ಡ್ ಕಡೆ ಹುಡುಗ, ದನಿಯಲ್ಲೇ ಉತ್ಸಾಹ ಉಕ್ತಿತ್ತು, ಫೋಟೋ ನೋಡ್ದೆ ಸಾರ್, ಸೂಪರಾಗಿದೆ ಸಾರ್, ಅಡ್ವಾನ್ಸ್ ಈಗ್ಲೇ ಹಾಕ್ಲಾ ಸಾರ್ ಅಂತ. ಇದು ಸ್ವಲ್ಪ ಚಂಚಲ ಅಂದೆ. ಪರವಾಗಿಲ್ಲ ಸಾರ್ ಅಂದ. ಸಮುದ್ರದಲ್ಲಿ ಪ್ಯಾಡಲ್ ಮಾಡಿದೀರಾ ಅಂತ ಕೇಳಿದೆ.

ಎರಡು ಸೆಕೆಂಡ್ ಸುಮ್ಮನಿದ್ದ.

"ಸ್ವಲ್ಪ ಸ್ವಲ್ಪ ಸಾರ್."

ಲೊಕೇಶನ್ ಕಳಿಸ್ತೀನಿ, ಬಂದು ನೋಡಿ ಅಂದೆ. ಇನ್ನೂ ಕಳಿಸಿಲ್ಲ.